12 ವರ್ಷ ನಿಂತ ಎಂ.ಜಿ. ಮಿಡ್ಜೆಟ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: "ಸರ್, ನನ್ನ ಸೋದರಮಾವ ಇಟ್ಟುಕೊಂಡಿದ್ದ 1971ರ ಎಂ.ಜಿ. ಮಿಡ್ಜೆಟ್ (ಎರಡು ಸೀಟಿನ ಪುಟ್ಟ ಬ್ರಿಟಿಷ್ ಓಪನ್ ಕಾರು) ಈಗ ನನ್ನ ಪಾಲಿಗೆ ಬಂದಿದೆ. 1275 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬೊರೇಟರ್, ಸ್ಪೋಕ್ ಚಕ್ರ. 12 ವರ್ಷದಿಂದ ಶೆಡ್‌ನಲ್ಲೇ ನಿಂತಿದೆ. ದೂರದಿಂದ ಪೇಂಟ್ ಚೆನ್ನಾಗಿ ಕಾಣುತ್ತದೆ. ಆದರೆ ಬಾಗಿಲ ಕೆಳಗಿನ ಸಿಲ್ ಹತ್ತಿರ ಗುಳ್ಳೆ ಎದ್ದಿದೆ, ಡ್ರೈವರ್ ಕಾಲಿಡುವ ಕಡೆ ಕಾರ್ಪೆಟ್ ಒದ್ದೆ, ಅದರ ಕೆಳಗೆ ತಗಡು ಕೆಂಪಾಗಿದೆ. ಬ್ಯಾಟರಿ ಹಾಕಿ ಸೆಲ್ಫ್ ಹೊಡೆ, ಸ್ಟಾರ್ಟ್ ಆಗುತ್ತದೆ ಅನ್ನುತ್ತಾನೆ ಸ್ನೇಹಿತ. ಮೆಕ್ಯಾನಿಕ್ ಬಂದು ನೋಡಿ, ಇಡೀ ಕಾರು ಬಿಚ್ಚಬೇಕು, ವೈರಿಂಗ್ ಕಿತ್ತು ಹಾಕಬೇಕು, ಎಂಜಿನ್, ಗೇರ್‌ಬಾಕ್ಸ್ ಎರಡೂ ತೆಗೆದು ಹೊಸ ಕಾಲದ್ದು ಕೂರಿಸೋಣ ಅಂದ. ಮಾವ ಓಡಿಸುತ್ತಿದ್ದಾಗಲೇ ಮೊದಲ ಗೇರ್ ಕರಕರ ಅನ್ನುತ್ತಿತ್ತು, ನಿಲ್ಲಿಸಿದ ಕಡೆ ಆಯಿಲ್ ತೊಟ್ಟಿಕ್ಕುತ್ತಿತ್ತು, ಹೊರಡುವಾಗ ಹಿಂದಿನಿಂದ ಟಕ್ ಅಂತ ಸದ್ದು ಬರುತ್ತಿತ್ತು. ಈಗಿನ ಪೆಟ್ರೋಲ್ ಈ ಎಂಜಿನ್‌ಗೆ ಆಗಲ್ಲ ಅಂತಲೂ ಕೇಳಿದ್ದೇನೆ. ನನಗೆ ಸ್ಪಾನರ್ ಹಿಡಿದು ಅಭ್ಯಾಸ ಇದೆ, ವೆಲ್ಡಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಇಡೀ ಕಾರು ಬಿಚ್ಚಿ ಕಟ್ಟಲೇಬೇಕಾ?"

ಉತ್ತರ: ನಿಮ್ಮ ಪತ್ರದಲ್ಲಿ ಎಂಟು ಹತ್ತು ತೊಂದರೆ ಇವೆ. ಅವುಗಳಲ್ಲಿ ಅರ್ಧ ತೊಂದರೆಗಳೇ ಅಲ್ಲ. ಇನ್ನರ್ಧದಲ್ಲಿ ಮೂರು ಮಾತ್ರ ನಿಜಕ್ಕೂ ಗಂಭೀರ: ಸಿಲ್ ಹತ್ತಿರದ ತುಕ್ಕು, 12 ವರ್ಷ ಕೈ ಹಾಕದ ಬ್ರೇಕ್ ಮತ್ತು ಹಿಂದಿನಿಂದ ಬರುವ ಟಕ್ ಸದ್ದು. ನಿಮ್ಮ ಸ್ನೇಹಿತ ಹೇಳಿದ್ದನ್ನು ಮಾಡಬೇಡಿ. ಮೆಕ್ಯಾನಿಕ್ ಹೇಳಿದ್ದನ್ನೂ ಮಾಡಬೇಡಿ, ಕನಿಷ್ಠ ಈಗ. ಒಬ್ಬರು ಒಂದು ನಿಮಿಷದಲ್ಲಿ ಎಂಜಿನ್ ಹಾಳು ಮಾಡಿಸುತ್ತಾರೆ, ಇನ್ನೊಬ್ಬರು ಒಂದು ವಾರದಲ್ಲಿ ಇಡೀ ಕಾರನ್ನು ಡಬ್ಬಗಳಿಗೆ ತುಂಬಿಸುತ್ತಾರೆ. ಹೀಗೆ ಡಬ್ಬ ಸೇರಿದ ಮಿಡ್ಜೆಟ್‌ಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಬಿಚ್ಚಿದವರಿಗೆ ಯಾವ ಬೋಲ್ಟ್ ಎಲ್ಲಿಯದು ಅಂತ ಮರೆತಿರುತ್ತದೆ, ಅರ್ಧ ಸಾಮಾನು ಕಳೆದಿರುತ್ತದೆ, ಆಸೆಯೂ ಆರಿರುತ್ತದೆ. ಓಡುವ ಸ್ಥಿತಿಯಲ್ಲಿರುವ ಕಾರನ್ನು ಸ್ವಲ್ಪ ಸ್ವಲ್ಪವಾಗಿ ಸರಿ ಮಾಡುತ್ತಾ ಹೋದವರು ಮಾತ್ರ ಕೊನೆಗೆ ಅದನ್ನು ಓಡಿಸುತ್ತಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲು ತುಕ್ಕು. ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಮೇಲೆ ಗಟ್ಟಿ ಟಾಪ್ ಇಲ್ಲದ್ದರಿಂದ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದು ನಿಲ್ಲಿಸುವ ಕೆಲಸ ಹೆಚ್ಚಾಗಿ ಎರಡೂ ಬದಿಯ ಸಿಲ್, ನಡುವಿನ ಗೇರ್‌ಬಾಕ್ಸ್ ಟನಲ್ ಮತ್ತು ನೆಲದ ತಗಡಿನದು. ಹಾಗಾಗಿ ಸಿಲ್ ಮೇಲಿನ ಗುಳ್ಳೆ ಅಂದವನ್ನಷ್ಟೇ ಕೆಡಿಸುವ ವಿಷಯವಲ್ಲ. ಹೊರಗಿನ ಸಿಲ್‌ನಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ತುಕ್ಕು ಒಳಗಿನಿಂದ ತಿಂದುಕೊಂಡೇ ಬಂದಿರುತ್ತದೆ, ಯಾಕೆಂದರೆ ನೀರು ಮತ್ತು ಮಣ್ಣು ಕೂರುವುದು ಒಳಗೆ.

ಪರೀಕ್ಷೆ ನೀವೇ ಮಾಡಬಹುದು. ಸೀಟು, ಕಾರ್ಪೆಟ್ ಎಲ್ಲ ತೆಗೆಯಿರಿ. ತೆಳು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ಹಿಡಿದು ಸಿಲ್, ಬಾಗಿಲ ಕೆಳ ಅಂಚು, ಹಿಂದಿನ ಚಕ್ರದ ಕಮಾನು, ಎಲ್ಲ ಕಡೆ ಓಡಿಸಿ. ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ತುದಿಯಿಂದ ಜೋರಾಗಿ ಒತ್ತಿ. ತೂತಾದರೆ ಆಗಲಿ, ಅದು ಆಗಲೇ ತೂತಾಗಿತ್ತು. ವಿಶೇಷವಾಗಿ ನೋಡಬೇಕಾದ ಜಾಗಗಳು ಇವು: ಮುಂದಿನ ಬಾಗಿಲ ಕಂಬದ ಬುಡ, ಅಂದರೆ ಹಿಂಜ್ ಕೂರುವ ಕಂಬ ಸಿಲ್‌ಗೆ ಸೇರುವ ಜಾಗ. ಸೀಟಿನ ಹಿಂದೆ, ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂಭಾಗ ನೆಲಕ್ಕೆ ಬೋಲ್ಟ್ ಆಗುವ ಜಾಗ. ಜಾಕ್ ಸಿಕ್ಕಿಸುವ ಜಾಗ. ಡಿಕ್ಕಿಯ ನೆಲ. ಮತ್ತು ಎಂಜಿನ್ ಹಿಂದೆ ಬ್ಯಾಟರಿ ಕೂರುವ ತಟ್ಟೆ. ಬ್ಯಾಟರಿಯ ಆ್ಯಸಿಡ್ ಸೋರಿ ಅಲ್ಲಿನ ತಗಡು ತಿಂದುಹೋಗಿರುವುದು ಮಾಮೂಲು.

ಇನ್ನೊಂದು ಪರೀಕ್ಷೆ ಇದೆ, ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬಾಗಿಲು ಮುಚ್ಚಿ, ಬಾಗಿಲ ಹಿಂಭಾಗದ ಸಂದು ಮೇಲೆ ಎಷ್ಟಿದೆ, ಕೆಳಗೆ ಎಷ್ಟಿದೆ ಅಂತ ಅಳೆದು ಬರೆದಿಡಿ. ಆಮೇಲೆ ಒಂದು ಬದಿಯನ್ನು ನಿಧಾನವಾಗಿ ಜಾಕ್ ಮಾಡಿ, ಮತ್ತೆ ಅಳೆಯಿರಿ. ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ, ಅಥವಾ ಜಾಕ್ ಮೇಲಿರುವಾಗ ಬಾಗಿಲು ತೆಗೆಯಲು ಮುಚ್ಚಲು ತಡೆಯುತ್ತಿದ್ದರೆ, ಬಾಡಿಯ ಬಲ ಹೋಗಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಕಾರನ್ನು ರಸ್ತೆಗೆ ಇಳಿಸುವುದು ಬೇಡ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ.

ಕಾರ್ಪೆಟ್ ಒದ್ದೆ ಅಂದಿದ್ದೀರಿ. ಶೆಡ್‌ನಲ್ಲೇ ಇದ್ದ ಕಾರಿಗೆ ನೀರು ಎಲ್ಲಿಂದ ಬರಬೇಕು? ಬೆರಳಲ್ಲಿ ಮುಟ್ಟಿ ನೋಡಿ. ಜಾರುವಂತಿದ್ದರೆ, ಪೇಂಟ್ ಸುಲಿದು ಬಂದಿದ್ದರೆ, ಅದು ನೀರಲ್ಲ, ಬ್ರೇಕ್ ಆಯಿಲ್. ಬ್ರೇಕ್ ಅಥವಾ ಕ್ಲಚ್ ಮಾಸ್ಟರ್ ಸಿಲಿಂಡರ್ ಹಿಂದಿನ ಸೀಲ್ ಸೋರಿ ಪೆಡಲ್ ಗುಂಟ ಇಳಿದು ಅಲ್ಲಿ ಸೇರುತ್ತದೆ. ಡ್ರೈವರ್ ಬದಿಯಲ್ಲಿ ಮಾತ್ರ ಒದ್ದೆ ಇದ್ದರೆ ನನಗೆ ಮೊದಲು ಬರುವ ಅನುಮಾನ ಇದೇ.

ಸಿಲ್ ಹೋಗಿದೆ ಅಂತ ಗೊತ್ತಾದರೆ ಏನು ಮಾಡಬೇಕು? ನಿಮಗೆ ವೆಲ್ಡಿಂಗ್ ಬರುವುದಿಲ್ಲ, ಹೊರಗೆ ಕೊಡಲೇಬೇಕು. ಕೊಡುವಾಗ ಎರಡು ಮಾತು ಮೊದಲೇ ಆಡಿಕೊಳ್ಳಿ. ಒಂದು, ಹಳೆಯ ಸಿಲ್ ಮೇಲೆ ಹೊಸ ತಗಡು ಹೊದಿಸುವ ಕೆಲಸ ಬೇಡ. ಬಹಳ ಕಡೆ ಟಿಂಕರಿಂಗ್ ಮಾಡುವವರು ಹಾಗೇ ಮಾಡುತ್ತಾರೆ, ಅಗ್ಗ, ಬೇಗ ಮುಗಿಯುತ್ತದೆ, ಪೇಂಟ್ ಹೊಡೆದ ಮೇಲೆ ಹೊಸದರಂತೆ ಕಾಣುತ್ತದೆ. ಆದರೆ ಒಳಗಿನ ಕೊಳೆತ ತಗಡು ಹಾಗೇ ಉಳಿಯುತ್ತದೆ, ಎರಡರ ನಡುವೆ ತೇವ ಸಿಕ್ಕಿಕೊಳ್ಳುತ್ತದೆ, ಕೆಲವೇ ವರ್ಷದಲ್ಲಿ ಎರಡೂ ಹೋಗುತ್ತವೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಒಳ ಸಿಲ್ ಮೊದಲು, ಹೊರ ಸಿಲ್ ಆಮೇಲೆ ಕೂರಿಸಬೇಕು. ಎರಡು, ಸಿಲ್ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಪೈಪ್ ಬೆಸೆದು ಬಿಗಿ ಮಾಡಬೇಕು, ಒಂದು ಬದಿ ಮುಗಿಸಿದ ಮೇಲೇ ಇನ್ನೊಂದು ಬದಿ ಮುಟ್ಟಬೇಕು, ನಡುನಡುವೆ ಬಾಗಿಲು ಹಾಕಿ ಸಂದು ನೋಡುತ್ತಿರಬೇಕು. ಹೀಗೆ ಮಾಡದೆ ಎರಡೂ ಬದಿ ಒಟ್ಟಿಗೆ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಬಗ್ಗುತ್ತದೆ. ಬಗ್ಗಿದ ಮೇಲೆ ವೆಲ್ಡ್ ಮಾಡಿದರೆ ಆ ಬಾಗು ಶಾಶ್ವತ. ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಈ ಎರಡು ಮಾತಿಗೆ "ಏನೂ ಆಗಲ್ಲ ಬಿಡಿ ಸರ್" ಅನ್ನುವವರಿಗೆ ಕಾರು ಕೊಡಬೇಡಿ.

ಕೆಲಸ ಮುಗಿದ ಮೇಲೆ ಸಿಲ್ ಒಳಗೆ, ಬಾಗಿಲ ಒಳಗೆ, ಕಂಬದ ಒಳಗೆ ತುಕ್ಕು ತಡೆಯುವ ಮೇಣ ಸ್ಪ್ರೇ ಮಾಡಿಸಿ. ನೀರು ಹರಿದು ಹೋಗುವ ಸಣ್ಣ ತೂತುಗಳು ಪೇಂಟ್‌ನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಈಗ ಬ್ರೇಕ್. ಇದರಲ್ಲಿ ನನ್ನದು ಒಂದೇ ಮಾತು: ಪೆಡಲ್ ಗಟ್ಟಿ ಸಿಗುತ್ತದೆ ಅಂತ ನಂಬಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. 12 ವರ್ಷ ಬಿಟ್ಟರೆ ಆ ನೀರು ಸಿಲಿಂಡರ್ ಒಳಗೇ ತುಕ್ಕು ಹಿಡಿಸುತ್ತದೆ. ರಬ್ಬರ್ ಸೀಲ್ ಗಟ್ಟಿಯಾಗಿರುತ್ತದೆ. ಚಕ್ರದ ಹತ್ತಿರದ ಬಳುಕುವ ಹೋಸ್ ಒಳಗೊಳಗೇ ಊದಿಕೊಂಡು, ಒತ್ತಡವನ್ನು ಒಳಗೆ ಬಿಟ್ಟುಕೊಂಡು ವಾಪಸ್ ಬಿಡದೆ, ಚಕ್ರವನ್ನು ಹಿಡಿದುಕೊಂಡೇ ಇರುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಈ ವ್ಯವಸ್ಥೆ ಇಷ್ಟು ಹಗುರವಾದ ಕಾರಿಗೆ ಚೆನ್ನಾಗಿಯೇ ಸಾಕು, ಆದರೆ ಆ ಕಾಲದ ಬಹುತೇಕ ಮಿಡ್ಜೆಟ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಎಲ್ಲಿ ಒಡೆದರೂ ಪೂರ್ತಿ ಬ್ರೇಕ್ ಹೋಗುತ್ತದೆ. ಹಾಗಾಗಿ ಮಾಸ್ಟರ್ ಸಿಲಿಂಡರ್, ಹಿಂದಿನ ವೀಲ್ ಸಿಲಿಂಡರ್‌ಗಳು, ಕ್ಯಾಲಿಪರ್ ಸೀಲ್, ಎಲ್ಲ ಹೋಸ್, ತುಕ್ಕು ಹಿಡಿದ ಪೈಪ್, ಇಷ್ಟನ್ನೂ ಒಟ್ಟಿಗೆ ಬದಲಿಸಿ. ಇಲ್ಲಿ ಒಂದೊಂದಾಗಿ ಮಾಡುವ ಉಳಿತಾಯ ಬೇಡ. ಡಾಟ್ 4 ಆಯಿಲ್ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಸಿಲಿಕೋನ್‌ನ ಡಾಟ್ 5 ಆಯಿಲ್ ಪೇಂಟನ್ನು ತಿನ್ನುವುದಿಲ್ಲ ಅಂತ ಕೆಲವರು ಇಷ್ಟಪಡುತ್ತಾರೆ, ಆದರೆ ಎರಡನ್ನೂ ಬೆರೆಸುವ ಹಾಗಿಲ್ಲ. ಎಂಜಿನ್ ಆಯಿಲ್ ಆಗಲಿ, ಮಾಮೂಲಿ ಗ್ರೀಸ್ ಆಗಲಿ ಬ್ರೇಕ್ ರಬ್ಬರ್ ಹತ್ತಿರ ಸುಳಿಯಬಾರದು, ರಬ್ಬರ್ ಊದಿ ಹಾಳಾಗುತ್ತದೆ.

ಟೈರ್ ಕೂಡ ಇದೇ ಸಾಲಿಗೆ ಸೇರುತ್ತದೆ. ಹಲ್ಲು ಎಷ್ಟೇ ಇರಲಿ, ಬದಿಯಲ್ಲಿರುವ ನಾಲ್ಕು ಅಂಕಿ ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ್ದನ್ನು ಬಿಸಾಡಿ.

ಇನ್ನು ಎಂಜಿನ್. ಇದು ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಎ-ಸೀರೀಸ್. 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ 803 ಸಿಸಿಯಾಗಿ ಶುರುವಾಗಿ, ಮಾರಿಸ್ ಮೈನರ್, ಮಿನಿ, ಸ್ಪ್ರೈಟ್ ಎಲ್ಲದರಲ್ಲೂ ಓಡಿದ ಕುಟುಂಬ. ಸರಳ, ಗಟ್ಟಿ, ಬಿಡಿಭಾಗ ಈಗಲೂ ಸಿಗುತ್ತದೆ. ಇದನ್ನು ತೆಗೆದು ಹಾಕುವ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಓಡುತ್ತಿದ್ದಾಗ ನಿಲ್ಲಿಸಿದ ಎಂಜಿನ್ ಅಲ್ವಾ, ಸರಿಯಾಗಿ ಎಬ್ಬಿಸಿದರೆ ಏಳುವ ಸಾಧ್ಯತೆ ಚೆನ್ನಾಗಿಯೇ ಇದೆ.

ಸುಮ್ನೆ ಸೆಲ್ಫ್ ಹೊಡೆದರೆ ಏನಾಗುತ್ತದೆ ಗೊತ್ತಾ? ಬೋರ್ ಗೋಡೆ ಒಣಗಿರುತ್ತದೆ, ಪಿಸ್ಟನ್ ರಿಂಗ್ ತುಕ್ಕಿಗೆ ಅಂಟಿರಬಹುದು, ವಾಲ್ವ್ ಸಿಕ್ಕಿಹಾಕಿಕೊಂಡಿರಬಹುದು. ಸೆಲ್ಫ್ ಮೋಟಾರ್ ಬಲಕ್ಕೆ ರಿಂಗ್ ಮುರಿಯುತ್ತದೆ, ಇಲ್ಲ ಪುಶ್ ರಾಡ್ ಬಗ್ಗುತ್ತದೆ. ಅದಕ್ಕೆ ಮೊದಲು ನಾಲ್ಕೂ ಪ್ಲಗ್ ತೆಗೆದು ಪ್ರತಿ ಸಿಲಿಂಡರ್‌ಗೆ ಒಂದೆರಡು ಚಮಚ ತೆಳು ಆಯಿಲ್ ಬಿಟ್ಟು ಕೆಲವು ದಿನ ಹಾಗೇ ಬಿಡಿ. ಮೇಲಿನ ರಾಕರ್ ಕವರ್ ತೆಗೆದು ಅಲ್ಲೂ ಆಯಿಲ್ ಸುರಿಯಿರಿ. ಆಮೇಲೆ ಮುಂದಿನ ಪುಲ್ಲಿ ನಟ್‌ಗೆ ಸ್ಪಾನರ್ ಹಾಕಿ ಕೈಯಿಂದಲೇ ತಿರುಗಿಸಿ. ತಡೆದರೆ ಬಲ ಹಾಕಬೇಡಿ, ಮತ್ತೆ ಆಯಿಲ್ ಬಿಟ್ಟು ಕಾಯಿರಿ. ಎಂಟೂ ವಾಲ್ವ್ ಮೇಲೆ ಕೆಳಗೆ ಆಡುವುದು ಕಣ್ಣಾರೆ ನೋಡಿ. ತಿರುಗಿತು ಅಂದಮೇಲೆ ಹಳೆಯ ಆಯಿಲ್, ಫಿಲ್ಟರ್ ತೆಗೆದು ಹೊಸದು ಹಾಕಿ. 20ಡಬ್ಲ್ಯು-50 ಮಿನರಲ್ ಆಯಿಲ್, ಅದರಲ್ಲೂ ಹಳೆಯ ಎಂಜಿನ್‌ಗೆಂದೇ ಮಾಡಿದ, ಜಿಂಕ್ ಜಾಸ್ತಿ ಇರುವ ಆಯಿಲ್ ತೆಗೆದುಕೊಳ್ಳಿ. ಹೊಸ ಕಾರಿನ ತೆಳು ಸಿಂಥೆಟಿಕ್ ಆಯಿಲ್ ದುಬಾರಿ, ಹಾಗಾಗಿ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ. ಈ ಎಂಜಿನ್‌ನಲ್ಲಿ ವಾಲ್ವ್ ಆಡಿಸುವ ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಉಜ್ಜುತ್ತವೆ, ಅವನ್ನು ಕಾಯುವುದು ಆ ಜಿಂಕ್.

ಪ್ಲಗ್ ಇಲ್ಲದೆಯೇ ಈಗ ಸೆಲ್ಫ್ ಹೊಡೆಯಿರಿ, ಆಯಿಲ್ ಮೀಟರ್ ಮುಳ್ಳು ಏಳುವವರೆಗೆ. ಮುಳ್ಳು ಎದ್ದ ಮೇಲೆ ಕಂಪ್ರೆಶನ್ ಅಳೆಯಿರಿ. ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಒಂದು ಸಿಲಿಂಡರ್ ಕಡಿಮೆ ಇದ್ದರೆ ಅದಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ತೊಂದರೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಓಡುವ ವೇಗದಲ್ಲಿ ಆಯಿಲ್ ಒತ್ತಡ 40 ಪಿ.ಎಸ್.ಐ. ಮೇಲಿದ್ದರೆ ಈಗಲೇ ಎಂಜಿನ್ ಬಿಚ್ಚುವ ಕಾರಣ ಇಲ್ಲ.

ಪೆಟ್ರೋಲ್ ಟ್ಯಾಂಕ್‌ನಲ್ಲಿರುವುದನ್ನು ಪೂರ್ತಿ ಖಾಲಿ ಮಾಡಿ. 12 ವರ್ಷದ ಪೆಟ್ರೋಲ್ ಪೆಟ್ರೋಲ್ ಆಗಿ ಉಳಿದಿರುವುದಿಲ್ಲ, ಅಂಟು ಅಂಟಾಗಿ ಕಾರ್ಬೊರೇಟರ್ ಒಳಗೆ ಮೆತ್ತಿಕೊಳ್ಳುತ್ತದೆ. ಫ್ಲೋಟ್ ಬೌಲ್‌ನ ನೀಡಲ್ ವಾಲ್ವ್ ಅಂಟಿಕೊಂಡರೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ, ಕೆಳಗೇ ಬಿಸಿ ಸೈಲೆನ್ಸರ್ ಪೈಪ್. ಮೊದಲ ಸಲ ಸ್ಟಾರ್ಟ್ ಮಾಡುವಾಗ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಳ್ಳಿ, ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿಕೊಳ್ಳಿ.

ಈಗಿನ ಪೆಟ್ರೋಲ್ ಆಗಲ್ಲ ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಮೊದಲನೆಯದು ಸೀಸ (ಲೆಡ್). ಹಿಂದೆ ಪೆಟ್ರೋಲ್‌ನಲ್ಲಿದ್ದ ಸೀಸ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟನ್ನು ಸವೆತದಿಂದ ಕಾಯುತ್ತಿತ್ತು. ಬ್ರಿಟನ್‌ನಲ್ಲಿ 2000ದ ಆರಂಭದಿಂದ ಅದರ ಸಾಮಾನ್ಯ ಮಾರಾಟ ನಿಂತಿತು. ಆಗ ಎಲ್ಲರೂ ಹೆದರಿದರು. ಸವೆತ ನಿಜ, ಆದರೆ ಅದು ಹೆಚ್ಚಾಗುವುದು ಗಂಟೆಗಟ್ಟಲೆ ಜೋರಾಗಿ ಓಡಿಸಿದಾಗ. ವಾರಕ್ಕೊಮ್ಮೆ ನಿಧಾನವಾಗಿ ಓಡಿಸುವವರಿಗೆ ಬಹಳ ನಿಧಾನ. ವಾಲ್ವ್ ಗ್ಯಾಪ್ ಆಗಾಗ ನೋಡಿ. ಅದು ತಣ್ಣಗಿರುವಾಗ 0.012 ಇಂಚು, ಅಂದರೆ ಸುಮಾರು 0.30 ಮಿ.ಮೀ. ಇರಬೇಕು. ಎಕ್ಸಾಸ್ಟ್ ಕಡೆ ಪದೇ ಪದೇ ಕಡಿಮೆಯಾಗುತ್ತಾ ಹೋದರೆ ಸೀಟು ಸವೆಯುತ್ತಿದೆ. ಆಗ ಹೆಡ್ ಬಿಚ್ಚಿಸಿ ಗಟ್ಟಿ ಸೀಟ್ ಕೂರಿಸಿದರೆ ಆ ವಿಷಯ ಮುಗಿಯಿತು. ಮೊದಲೇ ಹೆದರಿ ಹೆಡ್ ಬಿಚ್ಚಬೇಕಿಲ್ಲ.

ಎರಡನೆಯದು ಎಥನಾಲ್. ಇದನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಎಥನಾಲ್ ಹಳೆಯ ರಬ್ಬರ್ ಹೋಸ್ ಮೆತ್ತಗೆ ಮಾಡುತ್ತದೆ, ಬಿರುಕು ಬಿಡಿಸುತ್ತದೆ, ತೇವ ಹೀರಿ ಟ್ಯಾಂಕ್‌ಗೆ ತುಕ್ಕು ಹಿಡಿಸುತ್ತದೆ. 2021ರಲ್ಲಿ ಬ್ರಿಟನ್‌ನಲ್ಲಿ ಇ10 (ಶೇ. 10ರವರೆಗೆ ಎಥನಾಲ್ ಇರುವುದು) ಸಾಮಾನ್ಯ ಪೆಟ್ರೋಲ್ ಆದಾಗ ಹಳೆಯ ಕಾರುಗಳಿಗೆ ಇ5 (ಶೇ. 5ರವರೆಗೆ) ಬಳಸಿ ಎಂದು ಅಲ್ಲಿನ ಸರ್ಕಾರವೇ ಹೇಳಿತು. ನೀವು ಮಾಡಬೇಕಾದದ್ದು: ಟ್ಯಾಂಕ್‌ನಿಂದ ಕಾರ್ಬೊರೇಟರ್‌ವರೆಗಿನ ಎಲ್ಲ ರಬ್ಬರ್ ಪೈಪನ್ನು ಎಥನಾಲ್ ತಡೆಯುವ ಹೋಸ್‌ಗೆ ಬದಲಿಸಿ, ಪಂಪ್ ಮತ್ತು ಕಾರ್ಬೊರೇಟರ್‌ಗಳ ಸೀಲ್ ಹೊಸದು ಹಾಕಿ, ಎಥನಾಲ್ ಕಡಿಮೆ ಇರುವ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಹಳೆಯದನ್ನು ಒಳಗೆ ಬಿಡಬೇಡಿ.

ಎಸ್‌ಯು ಕಾರ್ಬೊರೇಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯಾಕೆಂದರೆ ಮುಂದಿನ ತಿಂಗಳು ಯಾರಾದರೂ "ಎರಡು ಕಾರ್ಬೊರೇಟರ್ ಟ್ಯೂನಿಂಗ್ ನಿಲ್ಲಲ್ಲ, ಒಂದೇ ದೊಡ್ಡದು ಹಾಕಿ" ಅನ್ನುತ್ತಾರೆ. ಟ್ಯೂನಿಂಗ್ ನಿಲ್ಲದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಸವೆದ ಥ್ರಾಟಲ್ ಸ್ಪಿಂಡಲ್, ಅಂದರೆ ಆ್ಯಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ. ಅಲ್ಲಿಂದ ಗಾಳಿ ಎಳೆದುಕೊಂಡರೆ ಯಾರು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ. ಸ್ಪಿಂಡಲ್ ಸರಿ ಮಾಡಿಸಿ, ವಾಲ್ವ್ ಗ್ಯಾಪ್, ಪಾಯಿಂಟ್ ಗ್ಯಾಪ್, ಟೈಮಿಂಗ್ ಎಲ್ಲ ಮುಗಿಸಿ, ಎಂಜಿನ್ ಬಿಸಿಯಾದ ಮೇಲೆ ಕೊನೆಯಲ್ಲಿ ಕಾರ್ಬೊರೇಟರ್ ಮುಟ್ಟಿ. ಪೆಟ್ರೋಲ್ ಪ್ರಮಾಣ ಹೊಂದಿಸುವ ಕೆಳಗಿನ ಜೆಟ್ ನಟ್ ಪೂರ್ತಿ ಮೇಲಕ್ಕೆ ತಂದು ಎರಡು ಸುತ್ತು ಕೆಳಗಿಳಿಸಿ ಶುರು ಮಾಡಿ. ಆಮೇಲೆ ಐಡಲ್‌ನಲ್ಲಿ ಒಂದು ಕಾರ್ಬೊರೇಟರ್ ಪಿಸ್ಟನ್ನನ್ನು ಸುಮಾರು ಒಂದು ಮಿ.ಮೀ.ನಷ್ಟು ಮೇಲಕ್ಕೆತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ತಕ್ಷಣ ಬಿದ್ದು ಆರುವಂತಾದರೆ ಕಡಿಮೆ, ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಕಿವಿ ಇದ್ದರೆ ಸಾಕು.

ವೈರಿಂಗ್ ಕಿತ್ತು ಹಾಕಬೇಕು ಅನ್ನುವುದು ಅರ್ಧ ಪುರಾಣ. ಈ ಕಾರಿನಲ್ಲಿರುವ ಲೂಕಾಸ್ ಕಂಪನಿಯ ಎಲೆಕ್ಟ್ರಿಕ್ ಸಾಮಾನು ಕೆಟ್ಟದ್ದು ಅನ್ನುವ ಮಾತು ಪ್ರಪಂಚದಲ್ಲೆಲ್ಲ ಓಡಾಡುತ್ತದೆ. ನಾನು ನೋಡಿದ ಹಾಗೆ ಹತ್ತರಲ್ಲಿ ಎಂಟು ಸಲ ತೊಂದರೆ ಇರುವುದು ಅರ್ತಿಂಗ್‌ನಲ್ಲಿ ಅಥವಾ ತಂತಿ ಸೇರಿಸುವ ಬುಲೆಟ್ ಕನೆಕ್ಟರ್‌ಗಳಲ್ಲಿ. ಬಾಡಿಗೆ ಅರ್ತ್ ಬೋಲ್ಟ್ ಆಗುವ ಪ್ರತಿ ಜಾಗವನ್ನೂ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಎಂಜಿನ್‌ನಿಂದ ಬಾಡಿಗೆ ಹೋಗುವ ದಪ್ಪ ಅರ್ತ್ ಪಟ್ಟಿ ಹೊಸದು ಹಾಕಿ. ಬುಲೆಟ್ ಕನೆಕ್ಟರ್ ಒಂದೊಂದೇ ಬಿಚ್ಚಿ ಶುಚಿ ಮಾಡಿ, ಸಡಿಲ ಇದ್ದದ್ದನ್ನು ಬದಲಿಸಿ. ಇಷ್ಟಕ್ಕೇ ದೀಪಗಳು ಎಷ್ಟು ಬೆಳಗುತ್ತವೆ ಅಂತ ನೀವೇ ನೋಡಿ.

ಈ ವೈರಿಂಗ್ ಅರ್ಥವಾಗುವುದೂ ಸುಲಭ, ಬಣ್ಣಕ್ಕೆ ಒಂದು ನಿಯಮ ಇದೆ. ಕಂದು ಬ್ಯಾಟರಿಯಿಂದ ನೇರ ಬರುವುದು. ಬಿಳಿ ಕೀ ತಿರುಗಿಸಿದಾಗ ಬರುವುದು. ಹಸಿರು ಅದೇ, ಫ್ಯೂಸ್ ದಾಟಿದ ಮೇಲೆ. ನೇರಳೆ ಕೀ ಇಲ್ಲದೆಯೂ ಇರುವ, ಫ್ಯೂಸ್ ಇರುವ ಲೈನ್. ಕೆಂಪು ಸಣ್ಣ ದೀಪಗಳಿಗೆ, ನೀಲಿ ಹೆಡ್‌ಲೈಟ್‌ಗೆ, ಕಪ್ಪು ಅರ್ತ್. ಇದು ತಲೆಯಲ್ಲಿದ್ದರೆ ಹಿಂದಿನವರು ಯಾರೋ ಸಿಕ್ಕ ಸಿಕ್ಕ ಬಣ್ಣದ ತಂತಿ ಸೇರಿಸಿದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ಅಂಥ ಸೇರಿಕೆಗಳನ್ನೇ ಮೊದಲು ತೆಗೆಯಿರಿ. ತಂತಿಯ ಹೊದಿಕೆ ಬಗ್ಗಿಸಿದರೆ ಪುಡಿಯಾಗುತ್ತಿದ್ದರೆ ಮಾತ್ರ ಇಡೀ ಹಾರ್ನೆಸ್ (ತಂತಿಗಳ ಕಟ್ಟು) ಬದಲಿಸಿ, ಅದೂ ಮೂಲ ಬಣ್ಣದ್ದೇ ತರಿಸಿ. ಒಂದು ಎಚ್ಚರ: ಮೂಲದಲ್ಲಿ ಹೆಡ್‌ಲೈಟ್ ಲೈನ್‌ಗೆ ಫ್ಯೂಸ್ ಇಲ್ಲ. ರಿಲೇ ಮತ್ತು ಫ್ಯೂಸ್ ಸೇರಿಸುವುದು ಈ ಕಾರಿಗೆ ಮಾಡಬಹುದಾದ ಒಳ್ಳೆಯ ಬದಲಾವಣೆಗಳಲ್ಲಿ ಒಂದು. ಬ್ಯಾಟರಿ ಹಾಕುವ ಮೊದಲು ಯಾವ ತುದಿ ಅರ್ತ್ ಅಂತಲೂ ಖಚಿತ ಮಾಡಿಕೊಳ್ಳಿ. ಈ ಮಾದರಿಯ ಹಳೆಯ ಕಾರುಗಳು ಪಾಸಿಟಿವ್ ಅರ್ತ್, 1960ರ ದಶಕದ ಕೊನೆಯ ಹೊತ್ತಿಗೆ ನೆಗೆಟಿವ್ ಆಯಿತು. ನಿಮ್ಮದು ನೆಗೆಟಿವ್ ಇರಬೇಕು, ಆದರೆ ನಡುವೆ ಯಾರು ಏನು ಮಾಡಿದ್ದಾರೋ ನೋಡದೆ ಹಾಕಬೇಡಿ.

ಮೊದಲ ಗೇರ್ ಕರಕರ ಅನ್ನುವುದಕ್ಕೆ ಗೇರ್‌ಬಾಕ್ಸ್ ಬದಲಿಸುವುದು ಬೇಡವೇ ಬೇಡ. ಎ-ಸೀರೀಸ್ ಎಂಜಿನ್ ಇರುವ ಮಿಡ್ಜೆಟ್‌ಗಳಲ್ಲಿ ಮೊದಲ ಗೇರ್‌ಗೆ ಸಿಂಕ್ರೊಮೆಶ್, ಅಂದರೆ ಗೇರ್ ಹಲ್ಲುಗಳ ವೇಗ ಹೊಂದಿಸಿ ಸದ್ದಿಲ್ಲದೆ ಸೇರಿಸುವ ಭಾಗ, ಇಲ್ಲ. ಕಾರು ಪೂರ್ತಿ ನಿಂತ ಮೇಲೆ ಹಾಕಬೇಕು. ನಿಂತಿರುವಾಗಲೂ ಕರಕರ ಅಂದರೆ ಮೊದಲು ಎರಡನೇ ಗೇರ್‌ಗೆ ಮುಟ್ಟಿಸಿ ಆಮೇಲೆ ಮೊದಲನೆಯದಕ್ಕೆ ತನ್ನಿ. ಆಗಲೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅದರ ಹೈಡ್ರಾಲಿಕ್ ನೋಡಿ. ಗೇರ್‌ಬಾಕ್ಸ್ ಆಯಿಲ್ ಹಾಕುವಾಗ ಒಂದು ವಿಷಯ: ಇದಕ್ಕೂ ಎಂಜಿನ್ ಆಯಿಲ್ಲೇ ಹಾಕಬೇಕು, ದಪ್ಪ ಇ.ಪಿ. ಗೇರ್ ಆಯಿಲ್ ಅಲ್ಲ. ಅದು ಹಿಂದಿನ ಡಿಫರೆನ್ಷಿಯಲ್‌ಗೆ.

12 ವರ್ಷ ನಿಂತ ಕಾರಿನಲ್ಲಿ ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಅಂಟಿರುವ ಸಾಧ್ಯತೆಯೂ ಇದೆ. ಕ್ಲಚ್ ಬದಲಿಸಲು ಈ ಕಾರಿನಲ್ಲಿ ಎಂಜಿನ್ ಎತ್ತಲೇಬೇಕು, ಸಾಮಾನ್ಯವಾಗಿ ಗೇರ್‌ಬಾಕ್ಸ್ ಜೊತೆಗೇ. ಅಷ್ಟು ಕೆಲಸ ಮಾಡಿದಾಗ ಪ್ಲೇಟ್, ಕವರ್, ರಿಲೀಸ್ ಬೇರಿಂಗ್ ಮೂರೂ ಹೊಸದು ಹಾಕಿಬಿಡಿ. ಆ ಬೇರಿಂಗ್ ಕಾರ್ಬನ್‌ನದು. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡೇ ಕೂತರೆ ಬೇಗ ಸವೆಯುತ್ತದೆ, ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

ಆಯಿಲ್ ತೊಟ್ಟಿಕ್ಕುವುದು. ಈ ಎಂಜಿನ್‌ನ ಕ್ರ್ಯಾಂಕ್ ಹಿಂಭಾಗದಲ್ಲಿ ಈಗಿನಂತೆ ರಬ್ಬರ್ ಸೀಲ್ ಇಲ್ಲ. ಶಾಫ್ಟ್ ಮೇಲೆ ಕೊರೆದ ಸುರುಳಿ ತೋಡು ತಿರುಗುತ್ತಾ ಆಯಿಲ್ಲನ್ನು ವಾಪಸ್ ಒಳಗೆ ತಳ್ಳುತ್ತದೆ, ನಿಂತಾಗ ಆ ಕೆಲಸ ನಿಲ್ಲುತ್ತದೆ. ಹಾಗಾಗಿ ರಾತ್ರಿ ನಾಲ್ಕಾರು ಹನಿ ಬೀಳುವುದು ಅದರ ಸ್ವಭಾವ. ಅಂಗೈ ಅಗಲದ ಕಲೆ ಆಗುತ್ತಿದ್ದರೆ ಬೇರೆ ಮಾತು. ಆಗಲೂ ಮೊದಲು ಬ್ರೀದರ್ ಪೈಪ್ ಕಟ್ಟಿದೆಯಾ ನೋಡಿ. ಎಂಜಿನ್ ಉಸಿರು ಹೊರಹೋಗದಿದ್ದರೆ ಒತ್ತಡ ಆಯಿಲ್ಲನ್ನು ಸಿಕ್ಕಲ್ಲೆಲ್ಲ ಹೊರತಳ್ಳುತ್ತದೆ. ಎಷ್ಟೋ ಸೋರಿಕೆ ಅಲ್ಲಿಗೇ ಅರ್ಧ ಕಡಿಮೆಯಾಗುತ್ತದೆ.

ಹಿಂದಿನಿಂದ ಬರುವ ಟಕ್ ಸದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಪೋಕ್ ಚಕ್ರ ಆ್ಯಕ್ಸಲ್ ತುದಿಯ ಹಬ್ ಮೇಲೆ ಹಲ್ಲುಗಳಿಂದ ಕೂರುತ್ತದೆ. ಹಲ್ಲು ಸವೆದರೆ ಹೊರಡುವಾಗ, ರಿವರ್ಸ್ ಹಾಕುವಾಗ ಟಕ್ ಅನ್ನುತ್ತದೆ, ಪೂರ್ತಿ ಸವೆದ ದಿನ ಹಬ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಬ್ರೇಕ್ ಹಾಕಿದಾಗಲೂ ಅದೇ ಕಥೆ, ಭಯ ಇರುವುದು ಅಲ್ಲಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರ ಎತ್ತಿ, ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ. ಹಬ್ ನಿಂತು ಚಕ್ರ ಆಡಿದರೆ ಎರಡನ್ನೂ ಜೋಡಿಯಾಗಿ ಬದಲಿಸಬೇಕು, ಸವೆದ ಹಬ್ ಮೇಲೆ ಹೊಸ ಚಕ್ರ ಹಾಕಿದರೆ ಅದೂ ಬೇಗ ಸವೆಯುತ್ತದೆ. ಚಕ್ರ ಗಟ್ಟಿ ಇದ್ದರೆ ಪ್ರೊಪೆಲ್ಲರ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್, ಸ್ಪ್ರಿಂಗ್ ಬುಷ್ ನೋಡಿ.

ಮುಂದಿನ ಸಸ್ಪೆನ್ಷನ್‌ನ ಕಿಂಗ್ ಪಿನ್‌ಗಳಿಗೆ (ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಪಿನ್) ಗ್ರೀಸ್ ಬೇಕು, ಸುಮಾರು 5,000 ಕಿ.ಮೀ.ಗೊಮ್ಮೆ, ಕಾರು ಕಡಿಮೆ ಓಡಿದರೆ ವರ್ಷಕ್ಕೆರಡು ಸಲ. ಚಕ್ರ ಎತ್ತಿ ಭಾರ ಇಳಿಸಿ ಹೊಡೆದರೆ ಗ್ರೀಸ್ ಒಳಗೆ ಸರಿಯಾಗಿ ಹೋಗುತ್ತದೆ. ಈ ಒಂದು ಕೆಲಸ ಬಿಟ್ಟಿದ್ದರಿಂದ ಹಾಳಾದ ಮಿಡ್ಜೆಟ್ ಲೆಕ್ಕವಿಲ್ಲದಷ್ಟು.

ಸ್ಪಾನರ್ ಅಭ್ಯಾಸ ಇದೆ ಅಂದಿರಿ. ನಿಮ್ಮ ಮೆಟ್ರಿಕ್ ಸ್ಪಾನರ್ ಸೆಟ್ ಪಕ್ಕಕ್ಕಿಡಿ. ಈ ಕಾರಿನ ನಟ್ ಬೋಲ್ಟ್‌ಗಳೆಲ್ಲ ಹೆಚ್ಚುಕಡಿಮೆ ಇಂಚಿನ ಅಳತೆ. ಅರ್ಧ ಇಂಚು ಅಂದರೆ 12.7 ಮಿ.ಮೀ., 13ರ ಸ್ಪಾನರ್ ಕೂತಂತೆ ಮಾಡಿ ತುಕ್ಕು ಹಿಡಿದ ನಟ್ ಮೂಲೆಯನ್ನು ಉರುಟು ಮಾಡಿಬಿಡುತ್ತದೆ. ಒಂದು ಒಳ್ಳೆಯ ಇಂಚ್ ಸೆಟ್ ತೆಗೆದುಕೊಳ್ಳಿ. ಮತ್ತೆ, ಬಿಚ್ಚಿದ ಹಳೆಯ ಭಾಗವನ್ನು ಹೊಸದು ಹಾಕಿ ಓಡಿಸಿ ನೋಡುವವರೆಗೆ ಎಸೆಯಬೇಡಿ. ಈಗ ಬರುವ ಅಗ್ಗದ ರೋಟರ್, ಕಂಡೆನ್ಸರ್, ರಬ್ಬರ್ ಬುಷ್‌ಗಳ ಗುಣಮಟ್ಟ ಎಷ್ಟೋ ಸಲ ಹಳೆಯದಕ್ಕಿಂತ ಕಡೆ.

ಈಗ ನಿಮ್ಮ ಮೂಲ ಪ್ರಶ್ನೆ. ದಾರಿಗಳು ಏನೇನು?

ಬಾಡಿ ಪರೀಕ್ಷೆಯಲ್ಲಿ ಗಟ್ಟಿ ಎಂದು ಕಂಡರೆ, ಬ್ರೇಕ್, ಟೈರ್, ಪೆಟ್ರೋಲ್ ಲೈನ್, ಅರ್ತಿಂಗ್ ಮುಗಿಸಿ ಓಡಿಸಲು ಶುರು ಮಾಡಿ. ಪೇಂಟ್, ಸೀಟು, ಕ್ರೋಮ್ ಆಮೇಲೆ. ಇದು ಎಲ್ಲಕ್ಕಿಂತ ಕಡಿಮೆ ಖರ್ಚು. ಇದರ ಅಪಾಯ ಅಂದರೆ, ಓಡುತ್ತಿದೆಯಲ್ಲ ಅಂತ ತುಕ್ಕಿನ ಕೆಲಸ ಮುಂದೆ ಹಾಕುತ್ತಾ ಹೋಗುವುದು.

ಸಿಲ್ ಮತ್ತು ನೆಲ ಮಾತ್ರ ಹೋಗಿದ್ದರೆ, ಎಂಜಿನ್ ಓಡುತ್ತದೆ ಅಂತ ಖಚಿತ ಮಾಡಿಕೊಂಡು, ಆಮೇಲೆ ಬಾಡಿ ಕೆಲಸಕ್ಕೆ ಕೊಡಿ. ನಿಮ್ಮ ವಿವರಣೆ ನೋಡಿದರೆ ನನಗೆ ಇದೇ ಅನ್ನಿಸುತ್ತದೆ. ಬೆಲೆ ಮೊದಲೇ ನಿಗದಿ ಮಾಡಿ ಅಂದರೆ ಪ್ರಾಮಾಣಿಕ ಕೆಲಸಗಾರ ಒಪ್ಪುವುದು ಕಷ್ಟ, ಕತ್ತರಿಸುವವರೆಗೆ ಒಳಗೇನಿದೆ ಯಾರಿಗೂ ಗೊತ್ತಿರುವುದಿಲ್ಲ. ಹಂತ ಹಂತವಾಗಿ ಫೋಟೋ ತೋರಿಸಿ ಹಣ ತೆಗೆದುಕೊಳ್ಳುವ ಒಪ್ಪಂದ ಇಬ್ಬರಿಗೂ ಒಳ್ಳೆಯದು.

ಪೂರ್ತಿ ಬಿಚ್ಚಿ ಕಟ್ಟುವುದು ಬಾಡಿ ಎಲ್ಲ ಕಡೆ ಕೊಳೆತಿದ್ದರೆ ಮಾತ್ರ. ಆ ಹಂತಕ್ಕೆ ಹೋದರೆ ತೇಪೆ ಹಾಕುವುದಕ್ಕಿಂತ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಮೂಲ ಅಚ್ಚುಗಳಲ್ಲೇ ಮಾಡುವ ಹೊಸ ಬಾಡಿಶೆಲ್ ಅಥವಾ ತಗಡು ಭಾಗಗಳನ್ನು ವಿಚಾರಿಸಿ. ಆದರೆ ಬಾಡಿ ಬದಲಿಸಿದರೆ ಕಾರಿನ ದಾಖಲೆ ಏನಾಗುತ್ತದೆ ಅಂತ ನಿಮ್ಮ ನೋಂದಣಿ ಕಚೇರಿಯಲ್ಲಿ ಮೊದಲು ಕೇಳಿ, ಹಣ ಆಮೇಲೆ ಕಟ್ಟಿ. ಮತ್ತು ಇದನ್ನು ಮುಚ್ಚಿಡುವುದಿಲ್ಲ: ಪೂರ್ತಿ ಕಟ್ಟಿದ ಮಿಡ್ಜೆಟ್ ಮಾರಿದರೆ ಹಾಕಿದ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಮಾವನ ಕಾರು ಅನ್ನುವ ಪ್ರೀತಿಗೆ ಮಾಡುವುದಾದರೆ ಮಾಡಿ.

ಹೊಸ ಎಂಜಿನ್ ಕೂರಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಟನಲ್ ಕತ್ತರಿಸಬೇಕು, ಮುಂದಿನ ಭಾರ ಬದಲಾಗುತ್ತದೆ, ಬ್ರೇಕ್, ಆ್ಯಕ್ಸಲ್ ಎರಡಕ್ಕೂ ಮೀರಿದ ಬಲ ಬರುತ್ತದೆ, ಕಾಗದಪತ್ರದ ತಲೆನೋವು ಬೇರೆ. ಈ ಕಾರಿನ ಸುಖ ಇರುವುದು ಅದು ಹಗುರವಾಗಿರುವುದರಲ್ಲಿ, ತಿರುವಿನಲ್ಲಿ ಕೈಗೆ ತಕ್ಷಣ ಮಾತಾಡುವ ಸ್ಟಿಯರಿಂಗ್‌ನಲ್ಲಿ. ಅದನ್ನು ಕಳೆದುಕೊಂಡು ವೇಗ ಪಡೆದರೆ ಏನು ಬಂತು?

ರಸ್ತೆಗೆ ಇಳಿಸಿದ ಮೇಲೆ ಮೊದಲ 500 ಕಿ.ಮೀ. ಮನೆಯ ಸುತ್ತಮುತ್ತಲೇ ಓಡಿಸಿ. ಅದು ಮುಗಿದ ಮೇಲೆ ಎಂಜಿನ್ ಆಯಿಲ್ ಇನ್ನೊಮ್ಮೆ ಬದಲಿಸಿ, ಬ್ರೇಕ್ ಪೈಪ್ ಜಾಯಿಂಟ್‌ಗಳು, ಚಕ್ರದ ನಟ್‌ಗಳು, ಸ್ಟಿಯರಿಂಗ್ ಬೋಲ್ಟ್‌ಗಳು ಎಲ್ಲ ಮತ್ತೆ ಬಿಗಿದು ನೋಡಿ. ಬಿಸಿ ಏರುತ್ತಿದೆ ಅಂತ ಯಾರಾದರೂ ಥರ್ಮೋಸ್ಟಾಟ್ ತೆಗೆದು ಬಿಡಿ ಅಂದರೆ ಕೇಳಬೇಡಿ. ರೇಡಿಯೇಟರ್ ಮತ್ತು ಬ್ಲಾಕ್ ಒಳಗಿನ ಕೆಸರು ತೊಳೆಸಿ, 82ರ ಬದಲು 74 ಡಿಗ್ರಿಯ ಥರ್ಮೋಸ್ಟಾಟ್ ಹಾಕಿ. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ, ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬೇಡ. ಹಾಗೆ ಮಾಡಿದರೆ ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ನೀರು ಸೇರುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಗಾಳಿಯಾಡುವ ಬಟ್ಟೆಯ ಕವರ್ ಹಾಕಿ. ಮಳೆಯಲ್ಲಿ ನೆನೆದ ಮಡಚುವ ಟಾಪನ್ನು (ಹುಡ್) ಮಡಚಿಡದೆ ಮೇಲೆ ಎತ್ತಿಯೇ ಒಣಗಿಸಿ, ಕಾರ್ಪೆಟ್ ಒಂದು ಸಲ ಎತ್ತಿ ನೋಡಿ.